ಮತಗಟ್ಟೆಯ ಆಸುಪಾಸಿನಲ್ಲಿ ಬಂದೂಕು



ನಾನು ವಕೀಲನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಲ್ಲಿಯೇ ನಿವೃತ್ತನಾದವನು. ಆದರೆ ಬ್ಯಾಂಕಿನವರಿಗೂ ಚುನಾವಣೆ ಕೆಲಸದ ಹುಕುಂ ಬರುವುದುಂಟು. ಹಾಗೆ ಕೆಲವು ಸಲ ಮತಗಟ್ಟೆಯಲ್ಲಿ ಕುಳಿತು ಜನರ ಬೆರಳಿಗೆ ಶಾಯಿ ಹಚ್ಚಿದ್ದೇನೆ. ಮತಗಟ್ಟೆಗೆ ಶಸ್ತ್ರ ತರುವ ವಿಷಯದಲ್ಲಿ ಆಗ ಓದಿ ತಿಳಿದದ್ದನ್ನೂ ಕಣ್ಣಾರೆ ಕಂಡದ್ದನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಹುಡುಗನಿದ್ದಾಗ ನಮ್ಮೂರಿನ ದೊಡ್ಡ ರೈತರೊಬ್ಬರು ಓಟು ಹಾಕಲು ಬರುವಾಗ ಹೆಗಲಿಗೆ ಬಂದೂಕು ಹಾಕಿಕೊಂಡೇ ಬರುತ್ತಿದ್ದರು. ಪರವಾನಗಿ ಇತ್ತು. ಹೊಲದಲ್ಲಿ ಹಂದಿಯ ಕಾಟಕ್ಕೆಂದು ತೆಗೆದುಕೊಂಡ ಬಂದೂಕು ಅದು. ಯಾರನ್ನೂ ಬೆದರಿಸಿದವರಲ್ಲ, ಮನುಷ್ಯರು ಒಳ್ಳೆಯವರೇ. ಆದರೆ ಅವರು ಶಾಲೆಯ ಅಂಗಳಕ್ಕೆ ಕಾಲಿಟ್ಟ ಕೂಡಲೇ ಸಾಲು ತಾನಾಗಿ ಸರಿದು ದಾರಿ ಬಿಡುತ್ತಿತ್ತು. ನನ್ನ ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಆಮ್ಯಾಲ ಬರಾಮು ನಡಿ" ಎಂದು ನನ್ನ ಕೈಹಿಡಿದು ಮನೆಗೆ ತಿರುಗಿದಳು. ಆಮೇಲೆ ಆಕೆ ಓಟು ಹಾಕಿದಳೋ ಇಲ್ಲವೋ, ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಆಕೆ ಇಲ್ಲ.

ಆ ದಿನಗಳಲ್ಲಿ ಇದನ್ನು ನೇರವಾಗಿ ತಡೆಯುವ ಕಲಂ ಚುನಾವಣೆಯ ಕಾಯದೆಯಲ್ಲಿ ಇರಲಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯದೆ, ಮರಾಠಿಯಲ್ಲಿ ಲೋಕಪ್ರತಿನಿಧಿತ್ವ ಅಧಿನಿಯಮ ಎನ್ನುತ್ತಾರಲ್ಲ, ಅದಕ್ಕೆ 134 ಬಿ ಎಂಬ ಕಲಂ ಸೇರಿ ಜಾರಿಗೆ ಬಂದದ್ದು 1996ರ ಆಗಸ್ಟ್ 1ರಿಂದ. ಮತದಾನದ ದಿನ ಯಾರೂ ಮತಗಟ್ಟೆಯ ಆಸುಪಾಸಿನಲ್ಲಿ ಯಾವ ಬಗೆಯ ಶಸ್ತ್ರವನ್ನೂ ಹಿಡಿದು ಬರಬಾರದು ಎನ್ನುತ್ತದೆ ಅದು. ಚುನಾವಣಾಧಿಕಾರಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಪೊಲೀಸರು, ಮತ್ತು ಅಲ್ಲಿ ಶಾಂತಿ ಕಾಯಲು ನೇಮಕವಾದವರು, ಇವರು ಅಲ್ಲಿ ಕೆಲಸದ ಮೇಲಿದ್ದರೆ ಮಾತ್ರ ಈ ನಿರ್ಬಂಧವಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ವಾರಂಟ್ ಇಲ್ಲದೆಯೇ ಪೊಲೀಸರು ಹಿಡಿಯಬಹುದು.

"ನಮ್ಮ ಹತ್ತಿರ ಲೈಸೆನ್ಸ್ ಅದ" ಎನ್ನುವವರು ಈ ಕಲಮಿನ ಮುಂದಿನ ಭಾಗವನ್ನು ಗಮನವಿಟ್ಟು ಕೇಳಬೇಕು. ಅಪರಾಧ ಸಿದ್ಧವಾದರೆ ಶಸ್ತ್ರ ಜಪ್ತಿಯಾಗಬಹುದು, ಅದರ ಪರವಾನಗಿಯೂ ರದ್ದಾಯಿತೆಂದೇ ಲೆಕ್ಕ. ಅಂದರೆ ಪರವಾನಗಿ ಇಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ, ಅದನ್ನೇ ನೀವು ಕಳೆದುಕೊಳ್ಳುತ್ತೀರಿ. ಕೊಡಗಿನಲ್ಲಿ ಕೊಡವರಿಗೆ ಹಳೆಯ ವಹಿವಾಟಿನಂತೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯತಿ ಇದೆ. ಆದರೆ 134 ಬಿ ಕಲಮಿನಲ್ಲಿ ಅಂಥ ವಿನಾಯತಿಯ ಮಾತೇ ಇಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಸುಣ್ಣದ ಗೆರೆಯದು. ಮತಗಟ್ಟೆಯಿಂದ 100 ಮೀಟರಿಗೆ ಗೆರೆ ಹಾಕಿರುತ್ತಾರಲ್ಲ, ಅದರಾಚೆ ನಿಂತರೆ ಬಂದೂಕು ನಡೆಯುತ್ತದೆ ಎಂದು ಕೆಲವರು ನಂಬಿದ್ದಾರೆ. ಆ ನೂರು ಮೀಟರು ಪ್ರಚಾರ ಮಾಡಬಾರದೆಂಬ 130ನೇ ಕಲಮಿನದು. ಶಸ್ತ್ರದ ಕಲಮಿನಲ್ಲಿ ಮೀಟರಿನ ಲೆಕ್ಕವಿಲ್ಲ, 'ಆಸುಪಾಸು' ಎಂದಷ್ಟೇ ಇದೆ. ನೂರಾಹತ್ತನೇ ಮೀಟರಿನಲ್ಲಿ ಜೀಪು ನಿಲ್ಲಿಸಿ ಒಳಗೆ ಬಂದೂಕು ಇಟ್ಟುಕೊಂಡು ಕೂತವರು ಟೇಪು ಹಿಡಿದು ವಾದ ಮಾಡಿ ಉಪಯೋಗವಿಲ್ಲ.

ಹಾಗಾದರೆ ಶಸ್ತ್ರವೆಂದರೆ ಯಾವುದು? 1998ರ ಫೆಬ್ರವರಿಯಲ್ಲಿ ಲೋಕಸಭೆಯ ಚುನಾವಣೆ ನಡೆಯಿತು. ಈ ಕಲಂ ಬಂದ ಮೇಲಿನ ಮೊದಲ ಲೋಕಸಭೆ ಚುನಾವಣೆ ಅದು. ಜೋಳ ಕೊಯ್ಯುವ ದಿನಗಳು. ನಾನಿದ್ದ ಮತಗಟ್ಟೆಗೆ ಒಬ್ಬ ಮುದುಕಿ ಹೊಲದಿಂದ ನೇರವಾಗಿ ಬಂದಳು, ಸೊಂಟದಲ್ಲಿ ಕುಡಗೋಲು. ಬಾಗಿಲಲ್ಲಿದ್ದ ಪೊಲೀಸನು, "ಆಯಿ, ಕುಡಗೋಲು ತಗೊಂಡು ಒಳಗ ಹೋಗಬ್ಯಾಡ್ರಿ" ಎಂದ. ಆಕೆ, "ಇದು ಜ್ವಾಳ ಕೊಯ್ಯೋದಪಾ, ಮನಶ್ಯಾರ್ನ ಕೊಯ್ಯೋದಲ್ಲ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಹೊರಗೆ ನಿಂತಿದ್ದ ಮೊಮ್ಮಗನ ಕೈಗೆ ಕೊಟ್ಟು ಒಳಗೆ ಬಂದಳು.

ಕಾಯದೆ ನೋಡಿದರೆ ಆಯಿಯ ಮಾತು ಸರಿಯೇ. 1959ರ ಶಸ್ತ್ರ ಕಾಯದೆಯ ಅರ್ಥವನ್ನೇ 134 ಬಿ ಕಲಮೂ ಹಿಡಿಯುತ್ತದೆ. ಬಂದೂಕು, ಪಿಸ್ತೂಲು ಮಾತ್ರವಲ್ಲ, ತಲವಾರ, ಜಂಬಿಯಾದಂಥ ಹರಿತವಾದ ಆಯುಧಗಳೂ ಅದರಲ್ಲಿ ಬರುತ್ತವೆ. ಆದರೆ ಬರೀ ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಎಂದೇ ಮಾಡಿದ ಸಾಮಾನು, ಲಾಠಿ, ಊರುಗೋಲು ಬರುವುದಿಲ್ಲ. ಆದರೂ ಪೊಲೀಸನನ್ನು ನಾನು ತಪ್ಪೆನ್ನಲಾರೆ. ಏಕೆಂದರೆ ನಮ್ಮ ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯದೆಯ 37ನೇ ಕಲಂ ಬೇರೆ ಇದೆ. ಅದರ ಕೆಳಗೆ ಹೊರಡಿಸುವ ಮನಾಯಿ ಆದೇಶದಲ್ಲಿ ಚಾಕು, ಬಡಿಗೆ, ಲಾಠಿ, ಪೆಟ್ಟು ಮಾಡಲು ಬರುವ ಯಾವ ವಸ್ತುವನ್ನಾದರೂ ಸೇರಿಸಬಹುದು. ತಹಸೀಲ ಕಚೇರಿಯ ಗೋಡೆಗೆ ಮರಾಠಿಯಲ್ಲಿ ಅಂಟಿಸುವ ಆ ಕಾಗದವನ್ನು ನಾವು ಕನ್ನಡದವರು ಓದದೆ ಮುಂದೆ ಹೋಗುತ್ತೇವೆ. ಓದಲು ಬರುವ ಮಕ್ಕಳಿಂದಾದರೂ ಓದಿಸಿರಿ. ಗ್ರಾಮ ಪಂಚಾಯತಿ, ಜಿಲ್ಲಾ ಪರಿಷತ್ತಿನ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗ ಬೇರೆ ಕಾಯದೆಗಳಂತೆ ನಡೆಸುತ್ತದೆ. ಆಗಲೂ ಈ ಮನಾಯಿ ಆದೇಶ ಬರಬಹುದು.

ಗಡಿಯ ಮಾತೂ ಒಂದಿದೆ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ನಮ್ಮ ಬೀಗತನ ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆಗೆ. ಉಮರಗಾದವರಿಗೆ ಆಳಂದವೂ ದೂರವಲ್ಲ. 2024ರ ಮೇ 7ರಂದು ಲಾತೂರ, ಉಸ್ಮಾನಾಬಾದ, ಬೀದರ, ಕಲಬುರ್ಗಿ ನಾಲ್ಕೂ ಕ್ಷೇತ್ರಗಳಲ್ಲಿ ಒಂದೇ ದಿನ ಮತದಾನವಾಯಿತು. 134 ಬಿ ಕೇಂದ್ರದ ಕಾಯದೆ, ಗಡಿಯ ಎರಡೂ ಕಡೆ ಒಂದೇ. ಮನಾಯಿ ಆದೇಶ ಮಾತ್ರ ಜಿಲ್ಲೆ ಜಿಲ್ಲೆಗೆ ಬೇರೆ. ಪರವಾನಗಿಯಲ್ಲಿ ಎಲ್ಲಿಯವರೆಗೆ ಎಂದು ಬರೆದಿದೆಯೋ ಅಲ್ಲಿಯವರೆಗೇ ಬಂದೂಕು ಒಯ್ಯಬಹುದು ಎಂಬುದನ್ನು ಬೀಗರಿಗೂ ಹೇಳಿರಿ.

ನಮ್ಮ ಶಾಖೆಯ ಕಾವಲುಗಾರ ಮಾಜಿ ಸೈನಿಕ, ಅವನ ಹತ್ತಿರ ಜೋಡುನಳಿಗೆಯ ಬಂದೂಕು. ಬ್ಯಾಂಕಿನ ಕಾವಲಿನ ಬಂದೂಕನ್ನು ಚುನಾವಣೆಗೆ ಜಮಾ ಮಾಡಿಸಿಕೊಳ್ಳುವುದಿಲ್ಲ. ಒಂದು ಮತದಾನದ ದಿನ ಅವನಿಗೆ ಕಾವಲು ಬಿತ್ತು. "ಬಂದೂಕ ಬಿಟ್ಟು ಹೋದ್ರ ನೌಕರಿ ಹೋಗ್ತದ, ತಗೊಂಡು ಹೋದ್ರ ಕೇಸ್ ಆಗ್ತದ, ಏನ್ ಮಾಡ್ಲಿ ಸಾಹೇಬ್ರ?" ಎಂದು ಹಿಂದಿನ ಸಂಜೆ ನನ್ನನ್ನು ಕೇಳಿದ. ಅವನ ಮಾತು ಎರಡೂ ಕಡೆ ನಿಜ. ಬ್ಯಾಂಕಿನ ಕಾವಲುಗಾರ ಮತಗಟ್ಟೆಯ ಕಾವಲುಗಾರನಲ್ಲ. ಕೊನೆಗೆ ಇನ್ನೊಬ್ಬನನ್ನು ಕರೆಸಿ, ಬಂದೂಕು ಮತ್ತು ತೋಟೆಗಳನ್ನು ಎಣಿಸಿ, ರಿಜಿಸ್ಟರಿನಲ್ಲಿ ಇಬ್ಬರ ಸಹಿ ಹಾಕಿಸಿ ಕಳಿಸಿದೆವು. ಬರಿಗೈಯಲ್ಲಿ ಹೋಗಿ ಶಾಯಿಯ ಬೆರಳು ತೋರಿಸುತ್ತ ಬಂದ.

ಜಮಾ ಎಂದೆನಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಚುನಾವಣೆ ಘೋಷಣೆಯಾದ ಮೇಲೆ ಜಿಲ್ಲಾಧಿಕಾರಿಗಳು ಪರವಾನಗಿಗಳನ್ನು ಪರಿಶೀಲಿಸಿ, ಜಾಮೀನಿನ ಮೇಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕವರು ಮುಂತಾದವರ ಶಸ್ತ್ರಗಳನ್ನು ಜಮಾ ಮಾಡಿಸಿಕೊಳ್ಳುತ್ತಾರೆ. ಎಲ್ಲರದನ್ನೂ ಸಾರಾಸಗಟಾಗಿ ಕೇಳದೆ, ಒಬ್ಬೊಬ್ಬರದನ್ನು ಸಮಿತಿ ನೋಡಿ ನಿರ್ಧರಿಸಬೇಕೆಂದು ಬೊಂಬಾಯಿ ಹೈಕೋರ್ಟು 2009ರಲ್ಲಿ ಹೇಳಿದೆ. ನಿಮಗೆ ಆದೇಶ ಬಂದರೆ ತಡಮಾಡದೆ ಒಪ್ಪಿಸಿರಿ, ರಸೀದಿ ಪಡೆಯಿರಿ. ರಸೀದಿಯಲ್ಲಿ ಬಂದೂಕಿನ ನಂಬರು, ತೋಟೆಗಳ ಸಂಖ್ಯೆ, ತಾರೀಖು, ಸಹಿ, ಶಿಕ್ಕೆ ಇವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿರಿ. ಇದು ಗುಮಾಸ್ತನ ಚಾಳಿ ಎನ್ನಿರಿ ಬೇಕಾದರೆ. ಫಲಿತಾಂಶ ಬಂದು ವಾರ ಕಳೆದ ಮೇಲೆ ಅದೇ ರಸೀದಿ ತೋರಿಸಿ ಮರಳಿ ತೆಗೆದುಕೊಳ್ಳಿರಿ.