ಮೊದಲ ಹೊಲಿಗೆ ಯಂತ್ರ



ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಸಂಜೆಯ ಹೊತ್ತು ನಡೆದು ಹೋದರೆ ಎಲ್ಲಾದರೊಂದು ಕಡೆ ಹೊಲಿಗೆ ಮಿಷನ್ನಿನ ಸದ್ದು ಕಿವಿಗೆ ಬಿದ್ದೇ ಬೀಳುತ್ತದೆ. ಕೆಲವು ಮನೆಗಳ ಗೇಟಿಗೆ 'ರವಿಕೆ ಹೊಲಿದು ಕೊಡಲಾಗುವುದು, ಫಾಲ್, ಜಿಗ್‌ಜಾಗ್' ಎಂದು ಬರೆದ ಬೋರ್ಡು ತೂಗುತ್ತಿರುತ್ತದೆ. ಅದನ್ನು ನೋಡಿ, ನಾನೂ ಒಂದು ಮಿಷನ್ ಕೊಂಡರೆ ಹೇಗೆ ಎಂದು ನಿಮಗೂ ಅನ್ನಿಸಿರಬಹುದು. ಒಳ್ಳೆಯ ಯೋಚನೆಯೇ. ಆದರೆ ಅಂಗಡಿಗೆ ಹೊರಡುವ ಮುಂಚೆ ನಮ್ಮ ಬೀದಿಯ ಒಂದು ಸಂಗತಿಯನ್ನು ಹೇಳುತ್ತೇನೆ.

ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಅತ್ತೆ ಹಾಸಿಗೆ ಹಿಡಿದ ಮೇಲೆ ಕೆಲಸ ಬಿಡಬೇಕಾಯಿತು. ಕೈಗೆ ಬಂದ ಪಿ.ಎಫ್. ಹಣದಲ್ಲಿ ಕಾರ್ಖಾನೆಯ ಹಳೆಯ ಮಿಷನ್ನೊಂದನ್ನು ಕೊಂಡರು. "ಅಕ್ಕಾ, ನನ್ನ ಕೈ ಪಳಗಿರುವುದೇ ಇದರ ಮೇಲೆ" ಎಂದರು. ಜೊತೆಗೆ ಹೋಗಿದ್ದ ನಾನೂ ಒಳ್ಳೆಯ ವ್ಯಾಪಾರವೆಂದು ತಲೆಯಾಡಿಸಿದೆ. ತಪ್ಪು ಇಬ್ಬರದೂ.

ಕಾರ್ಖಾನೆಯ ಮಿಷನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಕುದುರೆ. ಹಳೆಯ ಬಗೆಯ ಕ್ಲಚ್ ಮೋಟಾರು ಹೊಲಿದರೂ, ಹೊಲಿಯದಿದ್ದರೂ ಸ್ವಿಚ್ ಹಾಕಿದಷ್ಟು ಹೊತ್ತೂ ಗುಂಯ್‌ಗುಡುತ್ತದೆ. ಅತ್ತೆಗೆ ನಿದ್ದೆಯಿಲ್ಲ, ಕೆಳಗಿನ ಮನೆಯವರಿಗೆ ಮಗುವಿನ ಕಾಟ, ಮಾಲೀಕರಿಂದ ದೂರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಗಾರ್ಮೆಂಟ್ಸಿನಲ್ಲಿ ಒಂದು ಶರಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರು, ಒಬ್ಬರು ತೋಳು, ಒಬ್ಬರು ಜೇಬು. ಹನ್ನೊಂದು ವರ್ಷ ಕಾಲರು ಹೊಲಿದ ಈಕೆ ಒಂದು ರವಿಕೆಯನ್ನು ಮೊದಲಿನಿಂದ ಕೊನೆಯತನಕ ಹೊಲಿದವರೇ ಅಲ್ಲ. ಅಂದರೆ ಅವರೂ ಹೊಸಬರೇ! ಆರು ತಿಂಗಳಲ್ಲಿ ಆ ಮಿಷನ್ ಅರ್ಧ ಬೆಲೆಗೆ ಹೋಯಿತು.

ಹೊಸಬರಿಗೆ ಬೇಕಾದುದು ವೇಗವಲ್ಲ, ನಿಧಾನ. ತೋಳಿನ ಸುತ್ತು ತಿರುಗಿಸುವಾಗ, ಕತ್ತಿನ ಪಟ್ಟಿ ಕೂಡಿಸುವಾಗ, ಒಂದೊಂದೇ ಹೊಲಿಗೆಯಾಗಿ ನಿಲ್ಲಿಸಬಲ್ಲ ಮಿಷನ್ ಬೇಕು. ನಮ್ಮ ಅಜ್ಜಿಯಂದಿರ ಕಾಲದಿಂದ ಕಾಣುವ ಆ ಕಪ್ಪು ಬಣ್ಣದ ಎರಕದ ಕಬ್ಬಿಣದ ಮಿಷನ್ ಈ ಕೆಲಸಕ್ಕೆ ಇಂದಿಗೂ ತಕ್ಕುದು. ಸಿಂಗರ್ ಎಂಬಾತ ಅಮೆರಿಕದಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ನಮ್ಮವರೇ ಕಲ್ಕತ್ತೆಯಲ್ಲಿ ಉಷಾ ಮಿಷನ್ ತಯಾರಿಸತೊಡಗಿದ್ದು 1930ರ ದಶಕದಲ್ಲಿ. ಯಂತ್ರಗಳ ಹಾವಳಿಯನ್ನು ಅಷ್ಟೊಂದು ಟೀಕಿಸಿದ ಗಾಂಧೀಜಿಯವರು ಕೂಡ 1924ರಲ್ಲಿ ಹೊಲಿಗೆ ಯಂತ್ರವೊಂದನ್ನು ಮಾತ್ರ ಬೇರೆಯಾಗಿಟ್ಟು ಮಾತನಾಡಿದ್ದರು. ಅದು ಮನುಷ್ಯನ ಕೈಯನ್ನು ಕಸಿಯುವುದಿಲ್ಲ, ಬೆನ್ನುನೋವನ್ನಷ್ಟೆ ಕಳೆಯುತ್ತದೆ ಎಂದು ನನಗೂ ತೋರುತ್ತದೆ.

ಕಪ್ಪು ಮಿಷನ್ನನ್ನು ಕೈಯಲ್ಲಿ ತಿರುಗಿಸಬಹುದು, ಸ್ಟ್ಯಾಂಡಿಗೆ ಕೂಡಿಸಿ ಕಾಲಿನಲ್ಲಿ ತುಳಿಯಬಹುದು, ಮೋಟಾರನ್ನೂ ಹಾಕಬಹುದು. ನನ್ನ ಮಾತು ಕೇಳುವುದಾದರೆ ಸ್ಟ್ಯಾಂಡಿನ ಮಿಷನ್ನನ್ನೇ ಕೊಳ್ಳಿ. ಎರಡು ಕೈಯೂ ಬಟ್ಟೆಗೆ ಬಿಡುವಾಗುತ್ತವೆ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಗಿರಾಕಿಗಳು ಹೆಚ್ಚಿದ ಮೇಲೆ ಅದೇ ಮಿಷನ್ನಿಗೆ ಸಣ್ಣ ಮೋಟಾರು ಕೂಡಿಸಿಕೊಂಡರಾಯಿತು. ಮಂಡಿನೋವಿದ್ದವರ ಮಾತು ಬೇರೆ. ಅವರು ಮೋಟಾರನ್ನು ಮೊದಲೇ ಹಾಕಿಸಿಕೊಳ್ಳಲಿ.

ಆದರೆ ಈ ಕಪ್ಪು ಮಿಷನ್ ನೇರ ಹೊಲಿಗೆಯನ್ನಷ್ಟೆ ಹಾಕುತ್ತದೆ. ಸೀರೆಯ ಅಂಚಿಗೆ ಜಿಗ್‌ಜಾಗ್ ಮಾಡಬೇಕೆಂದರೆ ಸೂಜಿ ಅತ್ತಿತ್ತ ಓಲಾಡುವ ಬೇರೆ ಮಿಷನ್ ಬೇಕು. ಆ ಬಿಳಿಯ ಸ್ವಯಂಚಾಲಿತ ಮಿಷನ್ನುಗಳು ಹಗುರ, ನೋಡಲೂ ಚೆಂದ. ಕಾಜಾ, ಗುಂಡಿ ಎಲ್ಲ ಮಾಡುತ್ತವೆ. ಮನೆಮಂದಿಯ ಬಟ್ಟೆಗೆ ಧಾರಾಳ ಸಾಕು. ದಿನಕ್ಕೆ ಏಳೆಂಟು ಗಂಟೆ ಹೊಲಿಯುವ ಜೀವನೋಪಾಯಕ್ಕೆ ಮಾತ್ರ ಕಬ್ಬಿಣದ ಮಿಷನ್ನಿನ ತಾಳಿಕೆ ಬೇರೆಯೇ. ಇನ್ನು ಅಂಗೈಯಗಲದ ಪ್ಲಾಸ್ಟಿಕ್ ಮಿಷನ್ನುಗಳನ್ನು ಮೊಬೈಲಿನ ಜಾಹೀರಾತಿನಲ್ಲಿ ನೋಡಿ ಮರುಳಾಗಬೇಡಿ. ಅವು ಗೊಂಬೆಗೆ ಲಂಗ ಹೊಲಿಯಲು ಸರಿ. ರವಿಕೆಯ ಪಟ್ಟಿಯಲ್ಲಿ ನಾಲ್ಕು ಪದರ ಬಂದ ಕಡೆ ಏದುಸಿರು ಬಿಡುತ್ತವೆ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಒಂದು ತುಂಡು ಹತ್ತಿ ಬಟ್ಟೆ, ಒಂದು ತುಂಡು ರೇಷ್ಮೆ, ಹಳೆಯ ಜೀನ್ಸಿನ ಕಾಲು, ಇವನ್ನು ಚೀಲದಲ್ಲಿಟ್ಟುಕೊಳ್ಳಿ. ಅಂಗಡಿಯವರು ಗರಿಗರಿಯಾದ ದಪ್ಪ ಬಟ್ಟೆಯ ಮೇಲೆ ಹೊಲಿದು ತೋರಿಸಬಹುದು. ಅದರ ಮೇಲೆ ಹೊಲಿಗೆ ನೇರವಾಗಿಯೇ ಬರುತ್ತದೆ. ನೀವು ನಿಮ್ಮ ರೇಷ್ಮೆಯನ್ನು ಕೊಡಿ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿಸಿ. ಮೇಲ್ಗಡೆ ಕೆಂಪೇ, ಕೆಳಗಡೆ ಬಿಳಿಯೇ ಕಂಡರೆ ಎರಡೂ ದಾರ ಬಟ್ಟೆಯ ನಡುವೆ ಕೂಡಿವೆ ಎಂದರ್ಥ. ಕೆಳಗೆ ಕೆಂಪು ದಾರ ಗಂಟುಗಂಟಾಗಿ ಬಂದರೆ ಮೇಲಿನ ಟೆನ್ಷನ್ ಸಡಿಲವಾಗಿರಬೇಕು, ಇಲ್ಲವೆ ದಾರ ಪೋಣಿಸಿದ್ದು ತಪ್ಪಿರಬೇಕು. ಅದನ್ನು ಸರಿಪಡಿಸಲು ಹೇಳಿ, ಸರಿಪಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಅಂದಿನ ನಿಮ್ಮ ಮೊದಲ ಪಾಠ ಅದೇ. ಆಮೇಲೆ ಜೀನ್ಸನ್ನು ಮಡಿಸಿ ಕೊಟ್ಟು, ಗಾಲಿಯನ್ನು ಕೈಯಿಂದಲೇ ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ. ಎಲ್ಲಾದರೂ ತಡೆದಂತಾದರೆ, ಕಿರಿಕಿರಿ ಸದ್ದಾದರೆ ಬೇರೆ ಮಿಷನ್ ಕೇಳಿ. ಸಂಕೋಚ ಬೇಡ, ಹಣ ನಿಮ್ಮದು.

ಹಳೆಯದನ್ನು ಕೊಳ್ಳುವುದಾದರೆ ಪಾದವನ್ನೆತ್ತಿ ಕೆಳಗಿನ ಹಲ್ಲುಗಳನ್ನು ಬೆರಳಿನಿಂದ ಸವರಿ ನೋಡಿ; ನುಣ್ಣಗಾಗಿದ್ದರೆ ಅವು ಬಟ್ಟೆಯನ್ನು ಎಳೆಯಲಾರವು. ಸೂಜಿಯ ಕಂಬಿ ಅಲ್ಲಾಡಿದರೆ ಮುಟ್ಟಲೇಬೇಡಿ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ. ನೀವು ಕೊಳ್ಳುವ ಮಾದರಿಯ ಬಾಬಿನ್, ಶಟಲ್, ಸೂಜಿ ವಿಜಯನಗರದಲ್ಲೋ ಮಾಗಡಿ ರಸ್ತೆಯಲ್ಲೋ ಸಿಗುತ್ತವೆಯೇ, ರಿಪೇರಿಯವರು ಹತ್ತಿರ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಒಂದು ಶಟಲ್ಲಿಗಾಗಿ ಬಸ್ಸು ಹತ್ತಿ ಚಿಕ್ಕಪೇಟೆಗೆ ಅಲೆದರೆ ಮದುವೆ ಮನೆಯ ರವಿಕೆ ಕಾಯುವುದಿಲ್ಲ.

ಹಣದ ಮಾತು. ಹೊಲಿಗೆಯ ಕಸುಬಿನವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಬಹುದು. ಅದರ ಹದಿನೆಂಟು ಕಸುಬುಗಳಲ್ಲಿ ದರ್ಜಿಯದೂ ಒಂದು; ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗಿನ ನೆರವು ಎಂದು ಯೋಜನೆಯಲ್ಲಿ ಗೊತ್ತುಮಾಡಿದ್ದಾರೆ. ಅರ್ಜಿ ಹಾಕಿದ ಮರುದಿನವೇ ಮಿಷನ್ ಬಾಗಿಲಿಗೆ ಬಾರದು, ಪರಿಶೀಲನೆಗಳುಂಟು. ಕೈಯಲ್ಲಿದ್ದ ಹಣವನ್ನೆಲ್ಲ ಮಿಷನ್ನಿಗೇ ಸುರಿಯಬೇಡಿ. ಒಳ್ಳೆಯ ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ, ಒಂದಿಷ್ಟು ಬಣ್ಣದ ದಾರ, ಹೊಲಿಗೆ ತರಗತಿಯ ಶುಲ್ಕ, ಇವಕ್ಕೂ ಉಳಿಸಿಕೊಳ್ಳಿ. ಕತ್ತರಿಸುವುದನ್ನು ಕಲಿಯದ ಹೊರತು ಎಂಥ ಮಿಷನ್ನೂ ರವಿಕೆ ಹೊಲಿಯದು.

ಇನ್ನೊಂದು ಮಾತು ಮರೆತಿದ್ದೆ. ಮಿಷನ್ನಿಗೆ ಮಿಷನ್ನಿನ ಎಣ್ಣೆಯನ್ನೇ ಬಿಡಿ, ರಂಧ್ರಕ್ಕೊಂದು ತೊಟ್ಟು. ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗುಂಟು. ಅದು ದಿನ ಕಳೆದಂತೆ ಅಂಟಾಗಿ ಗಾಲಿಯೇ ಹಿಡಿದುಕೊಳ್ಳುತ್ತದೆ.

ನಮ್ಮ ನೆರೆಯ ಆ ಹೆಣ್ಣುಮಗಳು ಈಗ ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮಿಷನ್ನೊಂದನ್ನು ತಂದಿದ್ದಾರೆ. ಈ ಸಲ ರೇಷ್ಮೆ ತುಂಡು ಹಿಡಿದು ಹೋದವಳು ನಾನು, ಹಲ್ಲು ಸವರಿ ನೋಡಿದವರು ಅವರು. ಮೊದಲ ಎರಡು ರವಿಕೆಗಳನ್ನು ಅತ್ತೆಯ ಹಳೆಯ ಸೀರೆಯಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದರು. ಮೂರನೆಯದು ನನ್ನದು, ಬಲದೋಳು ಕೊಂಚ ಬಿಗಿ, ಆದರೂ ಕಳೆದ ಶುಕ್ರವಾರ ಅದನ್ನೇ ಉಟ್ಟ ಸೀರೆಗೆ ಜೊತೆ ಮಾಡಿ ತೊಟ್ಟಿದ್ದೆ.