ಎಲ್ಲರಿಗೂ ಒಂದೆಡೆ ಜಾಗ



ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನಾವು ಇಲ್ಲಿ ಓದಿ ಮುಂದೆ ಬಂದವರನ್ನು ನೆನೆಯುತ್ತೇವೆ. ಮಕ್ಕಳ ಗೇಲಿ ತಾಳಲಾರದೆ ಶಾಲೆ ಬಿಡುವವರೂ ಎಲ್ಲ ಊರಲ್ಲಿ ಇರುತ್ತಾರೆ. ಅವರ ಸಲುವಾಗಿ ಇಂದು ಅಕ್ಕೈ ಪದ್ಮಶಾಲಿ ಅವರ ವಿಚಾರ ಹೇಳುತ್ತೇನೆ.

ಅಕ್ಕೈ ಬೆಂಗಳೂರಿನವರು. ಹುಟ್ಟಿದ್ದು ಗಂಡು ಮಗುವಾಗಿ. ಆದರೆ ತಾನು ಹೆಣ್ಣೆಂದು ಅವರಿಗೆ ಚಿಕ್ಕಂದಿನಲ್ಲೇ ಅನಿಸಿತ್ತು. ಮನೆಯಲ್ಲೂ ಹೊರಗೂ ಅವಮಾನ ಉಂಡರು. ಹೊಟ್ಟೆಪಾಡಿಗೆ ಲೈಂಗಿಕ ವೃತ್ತಿ ಮಾಡಬೇಕಾಯಿತು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮುಂದೆ ‘ಸಂಗಮ’ ಸಂಸ್ಥೆ ಸೇರಿ ತಮ್ಮಂಥವರ ಹಕ್ಕಿಗಾಗಿ ದುಡಿದರು. 2014ರಲ್ಲಿ ‘ಒಂದೆಡೆ’ ಸಂಸ್ಥೆ ಕಟ್ಟಿದರು. 2015ರಲ್ಲಿ ಸರ್ಕಾರ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು.

ಹಕ್ಕಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಎಚ್‌ಐವಿ ತಡೆಯಲು ಕಾಂಡೋಮ್ ಬೇಕು, ರಕ್ತಪರೀಕ್ಷೆ ಬೇಕು, ಸೋಂಕು ಇದ್ದರೆ ದಿನವೂ ಮಾತ್ರೆ ಬೇಕು. ಮಾತ್ರೆಯನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಆದರೆ ಪೊಲೀಸರಿಗೆ ಹೆದರಿ ಕತ್ತಲಲ್ಲಿ ನಿಂತವರು ಆಸ್ಪತ್ರೆಗೆ ಬರುವುದುಂಟೆ? ಅದಕ್ಕೇ ಅವರ ನಡುವಿನವರೇ ಹೋಗಿ, ನಂಬಿಕೆ ಹುಟ್ಟಿಸಿ ಕರೆತರಬೇಕು. ಸಮುದಾಯದ ಸಂಘಟನೆಗಳು ಮಾಡಿದ ದೊಡ್ಡ ಕೆಲಸ ಅದು.

377ನೇ ಕಲಮಿನ ಭಯದಿಂದ ಜನ ಬಚ್ಚಿಟ್ಟುಕೊಳ್ಳುತ್ತಾರೆ, ತಡೆ ಕಾರ್ಯಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರದ್ದೇ ಏಡ್ಸ್ ನಿಯಂತ್ರಣ ಸಂಸ್ಥೆ 2006ರಲ್ಲಿ ದೆಹಲಿ ಹೈಕೋರ್ಟಿಗೆ ತಿಳಿಸಿತ್ತು. ಅದೇ ಕಲಮಿನ ವಿರುದ್ಧ 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಕ್ಕೈ ಒಬ್ಬರು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂಬ ತೀರ್ಪು ಬಂತು.

ನಾನು ಸಾಫ್ಟ್‌ವೇರ್ ಕೆಲಸದವನು. ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಮನೆ ಇಟ್ಟರೆ ಮೂರನೆಯವರು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದವರಿಗೆ ಔಷಧಿಯೂ ಇಲ್ಲ, ಅನುದಾನವೂ ಇಲ್ಲ. 2011ರ ಜನಗಣತಿಯಲ್ಲಿ ‘ಇತರೆ’ ಎಂಬ ಮನೆ ಸೇರಿದ ಮೇಲೆ ಕರ್ನಾಟಕದಲ್ಲೇ 20,266 ಮಂದಿ ಕಂಡರು. ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ 2021ರಲ್ಲಿ ಬಂತು. ಆದರೆ ನೌಕರಿಗೆ ಅರ್ಜಿ ಹಾಕಲು ಮೊದಲು ಎಸ್‌ಎಸ್‌ಎಲ್‌ಸಿ ಪಾಸಾಗಬೇಕಲ್ಲ! ಆ ಕೆಲಸ ಕೋರ್ಟಿನದಲ್ಲ, ಮರಳವಾಡಿಯಂಥ ಊರಿನ ಶಾಲೆಗಳದ್ದು.

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ನಡಿಗೆ, ದನಿ ಬೇರೆಯಾಗಿರುವ ಮಗುವನ್ನು ತರಗತಿಯಲ್ಲಿ ಯಾರಾದರೂ ಆಡಿಕೊಂಡರೆ ಅಲ್ಲೇ ತಡೆಯಿರಿ. ಶೌಚಾಲಯಕ್ಕೆ ಹೋಗಲು ಆ ಮಗು ಹೆದರುತ್ತಿದೆಯೇ, ಗಮನಿಸಿ. ತಂದೆ ತಾಯಂದಿರೇ, ಹೊಡೆದರೆ ಸ್ವಭಾವ ಬದಲಾಗುವುದಿಲ್ಲ, ಮಗು ಮನೆ ಬಿಡುತ್ತದೆ ಅಷ್ಟೆ. ಎಚ್‌ಐವಿ ಬಗ್ಗೆ ಯಾರಿಗೇ ಅನುಮಾನವಿದ್ದರೂ 1097ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಗುಟ್ಟು ಹೊರಬೀಳುವುದಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಈ ಶಾಲೆಗೆ ಸೇರುವ ಯಾವ ಮಗುವೂ ಅವಮಾನಕ್ಕಾಗಿ ಓದು ಬಿಡದಿರಲಿ.