ಬಾಕಿ ಸಂಬಳದ ಪಟಾಲಂ



ಶೃಂಗೇರಿಯಲ್ಲಿ ಸ್ವಿಟ್ಜರ್ಲೆಂಡಿನ ಸಿಪಾಯಿಗಳ ಮಾತೇಕೆ ಎಂದು ನೀವು ಕೇಳಬಹುದು. ಹೊರಗಿನಿಂದ ಬಂದ ದಂಡು ಏನು ಮಾಡುತ್ತದೆ ಎಂಬುದು ಈ ಊರಿಗೆ ಹೊಸದಲ್ಲ. 1791ರಲ್ಲಿ ಮರಾಠರ ಪರಶುರಾಮ ಭಾವುವಿನ ಸೈನ್ಯದ ಜೊತೆ ಬಂದ ಪಿಂಡಾರಿಗಳು ಮಠವನ್ನು ದೋಚಿದರು. ಸ್ವಾಮಿಗಳು ಕಾರ್ಕಳ ಸೇರಬೇಕಾಯಿತು. ಆ ಸಂಬಂಧ ಟಿಪ್ಪು ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದದ್ದು ನಿಮಗೆಲ್ಲ ಗೊತ್ತು. ಪಿಂಡಾರಿಗೆ ಸಂಬಳವಿಲ್ಲ, ದೋಚಿದ್ದೇ ಸಂಬಳ. ನಾನು ಹೇಳಹೊರಟಿರುವುದು ಸಂಬಳ ಗೊತ್ತುಮಾಡಿಕೊಂಡು ಬಂದವರ ಕಥೆ.

1781ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನ ಷಾರ್ಲ್ ಡಾನಿಯೆಲ್ ಡಿ ಮ್ಯೂರಾನ್ ಎಂಬಾತ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಪಟಾಲಂ ಕಟ್ಟಿದ. ಆಗ ನ್ಯೂಷಾಟೆಲ್‌ಗೆ ಪ್ರಷ್ಯಾದ ರಾಜನೇ ಒಡೆಯ, ಜನರ ಮಾತು ಫ್ರೆಂಚು, ದುಡಿಮೆ ಡಚ್ಚರಿಗೆ. ಪಟಾಲಂ ಮೊದಲು ಆಫ್ರಿಕಾದ ಕೇಪ್‌ಗೆ ಹೋಗಿ, ಆಮೇಲೆ ಸಿಂಹಳಕ್ಕೆ ಬಂತು. ಅದು ಯಾವ ದೇಶದ ಸೊತ್ತೂ ಅಲ್ಲ, ಮ್ಯೂರಾನ್‌ನ ಸ್ವಂತ ಸೊತ್ತು. ಡಚ್ಚರು ಸಂಬಳ ಬಾಕಿ ಉಳಿಸಿಕೊಂಡಿದ್ದರು.

ಬ್ರಿಟಿಷರು ಕೈ ಹಾಕಿದ್ದು ಅಲ್ಲೇ. 1795ರಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರು ನ್ಯೂಷಾಟೆಲ್‌ಗೆ ಹೋಗಿ, ಬಾಕಿಯನ್ನೆಲ್ಲ ತೀರಿಸುತ್ತೇವೆ ಎಂದು ಮಾತು ಕೊಟ್ಟು, ಇಡೀ ಪಟಾಲಮನ್ನು ಕುದುರಿಸಿಕೊಂಡ. ಸಿಪಾಯಿಗಳಿದ್ದದ್ದು ಡಚ್ಚರ ಕೊಲಂಬೊ ಕೋಟೆಯೊಳಗೆ. ಅವರ ನಾಯಕ ಮ್ಯೂರಾನ್‌ನ ತಮ್ಮ. ಕರಾರಿನ ಸುದ್ದಿಯನ್ನು ಒಂದು ಚೀಸ್ ಗಡ್ಡೆಯೊಳಗೆ ಬಚ್ಚಿಟ್ಟು ಅವನಿಗೆ ದಾಟಿಸಿದರು ಎಂದು ಹೇಳುತ್ತಾರೆ. ಎಸ್ಟೇಟು ಕೈಬದಲಾದಾಗ ಲೈನಿನ ಆಳುಗಳೂ ಹೊಸ ಧಣಿಯ ಲೆಕ್ಕಕ್ಕೆ ಸೇರುವ ಹಾಗೆ ಸಿಪಾಯಿಗಳು ಕೋಟೆಯಿಂದ ಹೊರಬಂದರು. ಕೆಲವೇ ತಿಂಗಳಲ್ಲಿ, 1796ರ ಫೆಬ್ರವರಿಯಲ್ಲಿ, ಹೆಚ್ಚು ಹೊಡೆದಾಟವಿಲ್ಲದೆ ಕೊಲಂಬೊ ಬಿತ್ತು. ಇದನ್ನು ಜಾಣತನ ಎನ್ನುವವರು ಎನ್ನಲಿ, ನನಗಂತೂ ಸಂತೆಯ ವ್ಯಾಪಾರದಂತೆಯೇ ಕಾಣುತ್ತದೆ. ಅಂದ ಹಾಗೆ, ಇದೇ ಕ್ಲೆಗಾರ್ನ್‌ನ ಮೊಮ್ಮಗ, ಅವನ ಹೆಸರೂ ಹ್ಯೂ, 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಮಲೆನಾಡಿನ ಗಿಡಮರಗಳ ಚಿತ್ರ ಬರೆಸಿದ. ಮುಂದೆ ಮದ್ರಾಸಿನ ಅರಣ್ಯಾಧಿಕಾರಿಯಾದ.

ಪಟಾಲಂ ಸಿಂಹಳದಿಂದ ಮದ್ರಾಸಿಗೆ ಬಂತು, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂತು. ಕೋಟೆಯೊಳಗೆ ಯಾರಿದ್ದರು ನೋಡಿ. ಹಿಂದಿನ ವರ್ಷ ಮಾರಿಷಸ್‌ನಿಂದ ಹಡಗು ಹತ್ತಿ ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಇಳಿದ ಸುಮಾರು ನೂರು ಜನರ ಫ್ರೆಂಚ್ ತಂಡ ಟಿಪ್ಪುವಿನ ಕಡೆ ಇತ್ತು. ಒಳಗಿನವನು ಗೋಡೆಯ ಮೇಲೆ ನಿಂತು ಬೈದಿದ್ದರೆ ಹೊರಗಿನವನಿಗೆ ದುಭಾಷಿ ಬೇಕಾಗುತ್ತಿರಲಿಲ್ಲ. ಅಂತರ್ಯುದ್ಧ ಎಂದರೆ ಒಂದೇ ಮಾತಿನವರು ಎದುರಾಬದುರಾಗಿ ನಿಲ್ಲುವುದು ಎಂದಾದರೆ, ಆ ಫ್ರೆಂಚರ ಪಾಲಿಗೆ ಕಾವೇರಿಯ ದಡದಲ್ಲಿ ಒಂದು ಅಂತರ್ಯುದ್ಧ ನಡೆಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ.

ಗುಂಡಿಗೆ ಸಿಗದೆ ಉಳಿದವರನ್ನು ಚಳಿಜ್ವರ ಬಿಡಲಿಲ್ಲ. ಮಲೆನಾಡಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಶ್ರೀರಂಗಪಟ್ಟಣದ ದ್ವೀಪದ ಜ್ವರಕ್ಕೆ ಹೆದರಿಯೇ ಬ್ರಿಟಿಷರು 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಶ್ರೀರಂಗಪಟ್ಟಣದಲ್ಲಿ ಹೊಳೆಯ ಪಕ್ಕ ಗ್ಯಾರಿಸನ್ ಸ್ಮಶಾನ ಇದೆ. ಮೈಸೂರಿಗೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಿ. ಅಧಿಕಾರಿಗಳ ಗೋರಿಗಳ ಜೊತೆ ಹೆಂಗಸರು, ಮಕ್ಕಳ ಗೋರಿಗಳೂ ಇವೆ. ಹಾಳು ಬಿದ್ದಿದ್ದ ಜಾಗವನ್ನು ಆಮೇಲೆ ಮ್ಯೂರಾನ್ ವಂಶದವರ ನೆರವಿನಿಂದ ದುರಸ್ತಿ ಮಾಡಿದ್ದಾರೆ.

ಪಟಾಲಂ 1806ರಲ್ಲಿ ಭಾರತ ಬಿಟ್ಟಿತು. ಮಾಲ್ಟಾ ದಾಟಿ 1813ರಲ್ಲಿ ಕೆನಡಾ ಸೇರಿತು. ಹೆಸರು ಅದೇ, ಜನ ಬಹುಪಾಲು ಹೊಸಬರು. 1816ರಲ್ಲಿ ವಿಸರ್ಜನೆಯಾದಾಗ ಕೆಲವರನ್ನು ಲಾರ್ಡ್ ಸೆಲ್ಕರ್ಕ್ ರೆಡ್ ರಿವರ್ ದಂಡೆಯ ತನ್ನ ವಸಾಹತಿಗೆ ಕರೆದುಕೊಂಡು ಹೋದ. ಬೇಸಾಯಕ್ಕೆ ನೆಲ ಕೊಟ್ಟ. 1826ರ ನೆರೆ ಬಂದದ್ದೇ ಅವರಲ್ಲಿ ಬಹಳ ಜನ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಕಡೆ ಇಳಿದರು.

ಅದೇ ಅಮೆರಿಕಕ್ಕೆ 1840ರಲ್ಲಿ ನಾರ್ವೆಯಿಂದ ಹತ್ತು ವರ್ಷದ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಬಂದ. ಹೆಸರು ಹಾನ್ಸ್ ಕ್ರಿಶ್ಚಿಯನ್ ಹೆಗ್. ಅಪ್ಪ ವಿಸ್ಕಾನ್ಸಿನ್‌ನಲ್ಲಿ ನೆಲ ಕೊಂಡ. 1847ರಲ್ಲಿ ಆ ಮನೆಯಲ್ಲೇ ಅಮೆರಿಕದ ನಾರ್ವೇಜಿಯನ್ನರ ಮೊದಲ ಪತ್ರಿಕೆ ಅಚ್ಚಾಯಿತು. ಮಗ ಗುಲಾಮಗಿರಿಯ ಕಡುವಿರೋಧಿ. 1859ರಲ್ಲಿ ಚುನಾವಣೆ ಗೆದ್ದು ರಾಜ್ಯದ ಜೈಲಿನ ಕಮಿಷನರ್ ಆದ. ಅಮೆರಿಕದ ಅಂತರ್ಯುದ್ಧ ಬಂದಾಗ 15ನೇ ವಿಸ್ಕಾನ್ಸಿನ್ ಪಟಾಲಮಿಗೆ ಕರ್ನಲ್ ಆಗಿ, ನಾರ್ವೆಯ ಒಕ್ಕಲು ಮಕ್ಕಳನ್ನು ಕಟ್ಟಿಕೊಂಡು ಹೊರಟ. ಓಲೆ ಎಂಬ ಹೆಸರಿನವರೇ ಅದರಲ್ಲಿ ನೂರಕ್ಕೂ ಹೆಚ್ಚು! 1863ರ ಸೆಪ್ಟೆಂಬರ್‌ನಲ್ಲಿ ಚಿಕಮಾಗದಲ್ಲಿ ಗುಂಡು ತಗುಲಿ ಮಾರನೆಯ ದಿನ ಸತ್ತ. ಅವನೂ ವಲಸಿಗನೇ. ಆದರೆ ಯಾವ ಕಡೆ ನಿಲ್ಲಬೇಕು ಎಂದು ನಿರ್ಧರಿಸಿದ್ದು ಅವನೇ. ಮ್ಯೂರಾನ್‌ನ ಸಿಪಾಯಿಗಳ ಪರವಾಗಿ ಅದನ್ನು ನಿರ್ಧರಿಸಿದ್ದು ಧಣಿ ಮತ್ತು ಒಬ್ಬ ಪ್ರೊಫೆಸರು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ, ಕೊಪ್ಪದ ಕಡೆಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ.